ಮೈನಸ್ ಹಾಕಿದವರ ಗುರುವಾರಗಳು

ನಮ್ಮವರು ತೀರಿಕೊಂಡ ಇಪ್ಪತ್ತನೇ ದಿನ ಪ್ರೊಫೆಸರು ನಮ್ಮ ಮನೆ ಬಾಗಿಲಿಗೆ ಬಂದರು. ಹದಿನೇಳು ವರ್ಷ ನಾನು ಆ ಮನುಷ್ಯನ ಮುಖ ನೋಡಿರಲಿಲ್ಲ. ನೋಡಬಾರದು ಅಂತಲೇ ಅವರ ಮನೆಯಿರುವ ಬೀದಿ ಬಿಟ್ಟು ಸುತ್ತು ಹಾಕಿ ಓಡಾಡಿದ್ದೆ. ನಮ್ಮವರ ಕೆಲಸ ಹೋಗಿದ್ದು ಅವರಿಂದ. ನಮ್ಮ ಮನೆಗೆ ‘ಪೇಪರ್ ಕಳ್ಳನ ಮನೆ’ ಅಂತ ಹೆಸರು ಬಂದಿದ್ದೂ ಅವರಿಂದ.

ಆ ಹೆಸರು ಅಳಿಸಬೇಕು ಅನ್ನುವುದೊಂದೇ ನನಗಿದ್ದ ಹಟ. ನಮ್ಮವರು ಬದುಕಿದ್ದಾಗ ಆಗಲಿಲ್ಲ. ಸತ್ತ ಮೇಲಾದರೂ ಆಗಲಿ ಅಂದುಕೊಂಡಿದ್ದೆ. ಅದು ಹೇಗಾಯಿತು ಅಂತ ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಅವರ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲ.

ನಮ್ಮವರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಟೆನ್ಸಿಲ್ ಕೊರೆಯುತ್ತಿದ್ದರು. ಆಗ ಆ ಆಫೀಸಿಗೆ ಕಂಪ್ಯೂಟರು ಬಂದಿರಲಿಲ್ಲ. ಮೇಷ್ಟ್ರುಗಳು ಪಾಠದ ನೋಟ್ಸು, ಪ್ರಶ್ನೆಪತ್ರಿಕೆ ಎಲ್ಲವನ್ನೂ ಕೈಯಲ್ಲಿ ಬರೆದು ಕೊಡುತ್ತಿದ್ದರು. ಟೈಪಿಸ್ಟು ಸ್ಟೆನ್ಸಿಲ್ ಅನ್ನುವ, ಅಚ್ಚು ತೆಗೆಯುವ ಮೇಣದ ಹಾಳೆಯ ಮೇಲೆ ಅಕ್ಷರ ಹೊಡೆದು, ಸಮೀಕರಣ ಬರುವ ಕಡೆಯೆಲ್ಲ ಜಾಗ ಬಿಡುತ್ತಿದ್ದಳು. ಟೈಪ್ ಮಷೀನಿನಲ್ಲಿ ಆ ಗುರುತುಗಳೇ ಇರಲಿಲ್ಲ. ಎದ್ದು ನಿಂತ ಹಾವಿನಂಥದ್ದು, ತಲೆಕೆಳಗಾದ ತ್ರಿಕೋನ, ಬಾಲ ಇರುವ ಅಕ್ಷರ, ಅದರ ತಲೆ ಮೇಲೆ ಚುಕ್ಕಿ. ಅವನ್ನೆಲ್ಲ ಇವರು ಮೊನೆ ಕಡ್ಡಿಯಲ್ಲಿ ಕೊರೆದು ತುಂಬಬೇಕು. ಮೆಲ್ಲಗೆ ಕೊರೆದರೆ ಶಾಯಿ ಇಳಿಯುವುದಿಲ್ಲ. ಒತ್ತಿ ಕೊರೆದರೆ ಸೊನ್ನೆಯ ಹೊಟ್ಟೆ ಕಿತ್ತು ಬಂದು ಅಚ್ಚಿನಲ್ಲಿ ಕಪ್ಪು ಮಚ್ಚೆಯಾಗುತ್ತದೆ. ಇವರು ಕೊರೆದ ಸೊನ್ನೆ ಒಂದೂ ಕಿತ್ತು ಬರುತ್ತಿರಲಿಲ್ಲವಂತೆ. ಅಂಗಿಯ ತೋಳಿಗೆ ಮಾತ್ರ ಶಾಯಿ. ಯಾವ ಸೋಪಿಗೂ ಬಗ್ಗದ ಶಾಯಿ.

ಹತ್ತನೇ ಕ್ಲಾಸು ಪಾಸಾಗಿದ್ದರು, ಅಷ್ಟೇ. ಏಳು ವರ್ಷ ಸುಮ್ಮನೆ ಗುರುತು ನೋಡಿ ಕೊರೆದರು. ಎಂಟನೇ ವರ್ಷ ಒಂದು ದಿನ ಕೈ ನಿಂತುಬಿಟ್ಟಿತಂತೆ. ಎರಡನೇ ಸಾಲಿನಲ್ಲಿದ್ದ ಮೈನಸ್ಸು ಮೂರನೇ ಸಾಲಿನಲ್ಲಿ ಇರಲಿಲ್ಲ. ಎಲ್ಲಿ ಹೋಯಿತು ಅಂತ ಹುಡುಕುತ್ತಾ ಊಟದ ಹೊತ್ತು ಕಳೆಯಿತು. ಡಬ್ಬಿ ಹಾಗೇ ಮನೆಗೆ ಬಂತು. ಮಾರನೇ ದಿನ ಆ ಹಾಳೆ ಬರೆದಿದ್ದ ಪ್ರೊಫೆಸರ ಹತ್ತಿರ ಹೋಗಿ, “ಸಾರ್, ಇಲ್ಲೊಂದು ಕಳೆದುಹೋಗಿದೆ” ಅಂದರು. ಪ್ರೊಫೆಸರು ಹಾಳೆ ನೋಡಿದರು. ಇವರನ್ನು ನೋಡಿದರು. “ಕೂತ್ಕೋ” ಅಂದರು.

ಕಾಲೇಜಿನಲ್ಲಿ ಕೊರೆಯುವವನಿಗೆ ಯಾರೂ ಕೂತ್ಕೋ ಅಂದಿರಲಿಲ್ಲ. ಅವತ್ತು ಮನೆಗೆ ಬಂದವರು ಅದನ್ನೇ ನಾಲ್ಕು ಸಲ ಹೇಳಿದರು.

ಅಲ್ಲಿಂದ ಅವರಿಗೆ ಹುಚ್ಚು ಹತ್ತಿತು. ಒಂದು ಸಾಲಿನಿಂದ ಇನ್ನೊಂದು ಸಾಲು ಹೇಗೆ ಬಂತು, ಮಧ್ಯೆ ಏನು ನುಂಗಿದ್ದಾರೆ, ಅದೇ ಧ್ಯಾನ. ನೀರು ಕೊಳವೆಯಲ್ಲಿ ಹರಿಯುವುದಕ್ಕೆ ಒಂದು ಸಮೀಕರಣ, ಕಬ್ಬಿಣದ ತೊಲೆ ಬಾಗುವುದಕ್ಕೆ ಒಂದು, ಬೆಲೆ ಏರುವುದಕ್ಕೆ ಒಂದು. ಪುಸ್ತಕದಲ್ಲಿ ‘ಇದರಿಂದ ಸುಲಭವಾಗಿ ತಿಳಿದುಬರುತ್ತದೆ’ ಅಂತ ಬರೆದಿದ್ದರೆ ಕೆಂಡವಾಗುತ್ತಿದ್ದರು.

“ಯಾರಿಗೆ ಸುಲಭ? ಅವನಿಗೆ ಸುಲಭ. ಮಧ್ಯೆ ಹನ್ನೊಂದು ಸಾಲು ನುಂಗಿದಾನೆ ನೋಡೇ ಕಳ್ಳ!”

“ನನಗೆ ಯಾಕೆ ಹೇಳ್ತೀರಿ? ನಾನು ನುಂಗಿದ್ನಾ?” ಅನ್ನುತ್ತಿದ್ದೆ.

ಒಂದು ಸಲ ನಾನು ಹೊಲಿಯಲು ತಂದಿಟ್ಟ ಹೊಸ ಬಟ್ಟೆಯ ಮೇಲೆ ನನ್ನದೇ ಸೀಮೆಸುಣ್ಣದಿಂದ ಆರು ಸಾಲು ಲೆಕ್ಕ ಬರೆದುಬಿಟ್ಟಿದ್ದರು. ಗಿರಾಕಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ. ನಾನು ಬಟ್ಟೆ ಕಿತ್ತುಕೊಂಡು ಕೊಡವಿದೆ. “ಅಯ್ಯೋ ತಾಳೇ, ಐದನೇ ಸಾಲು ಬರ್ಕೊಳ್ತೀನಿ!” ಅಂತ ಹಿಂದೆ ಓಡಿ ಬಂದರು. ಗಿರಾಕಿ ನಕ್ಕಿದ್ದೇ ನಕ್ಕಿದ್ದು. ಕಾಲೇಜಿನ ಗೇಟಿನವನು ಇವರಿಗೆ ‘ಮೈನಸ್ಸು’ ಅಂತ ಹೆಸರಿಟ್ಟ. “ಮೈನಸ್ಸು ಒಳಗೆ ಹೋಯ್ತು, ಎಣಿಸ್ಕೊಳ್ರಪ್ಪ” ಅನ್ನುತ್ತಿದ್ದ. ಇವರಿಗೆ ಬೇಜಾರಿರಲಿಲ್ಲ. ಒಳಗೊಳಗೇ ಹಿಗ್ಗು.

ಪ್ರೊಫೆಸರು ನಮ್ಮ ಮನೆಗೆ ಬರಲು ಶುರು ಮಾಡಿದರು. ನೆಲದ ಮೇಲೆ ಇವರ ಪಕ್ಕ ಕೂತು ಊಟ ಮಾಡುತ್ತಿದ್ದರು. ನನ್ನನ್ನು ತಂಗಿ ಅನ್ನುತ್ತಿದ್ದರು. “ತಂಗಿ, ನಿನ್ನ ಗಂಡ ಓದಿದ್ರೆ ನನಗೆ ಕೆಲಸ ಇರ್ತಿರಲಿಲ್ಲ” ಅನ್ನುತ್ತಿದ್ದರು. ನಾನೂ ನಂಬಿ ಅಣ್ಣ ಅಂದೆ. ನನ್ನ ಸ್ವಂತ ಅಣ್ಣನಿಗೂ ಹಾಗೆ ಬಡಿಸಿರಲಿಲ್ಲ.

ಈಗ ಚೀಟಿಯ ವಿಷಯ ಹೇಳಬೇಕು. ಪ್ರಶ್ನೆಪತ್ರಿಕೆಯಲ್ಲಿ ಒಂದು ಚುಕ್ಕಿ ಬದಲಾಯಿಸಬೇಕಾದರೂ ಅದನ್ನು ಬರೆದ ಮೇಷ್ಟ್ರ ರುಜು ಇರುವ ಚೀಟಿ ಬೇಕು. ಅದು ಕಾಲೇಜಿನ ನಿಯಮ. ಪ್ರೊಫೆಸರದು ಮರೆವಿನ ಕೈ. ಅವರ ಪತ್ರಿಕೆಯಲ್ಲಿ ಏನಾದರೊಂದು ಬಿಟ್ಟೇ ಹೋಗುತ್ತಿತ್ತು. ಇವರು ಹೋಗಿ ಕೇಳಿದರೆ, “ನೀನು ಹಾಕ್ಬಿಡು ಮಾರಾಯ, ಚೀಟಿ ಆಮೇಲೆ ಕೊಡ್ತೀನಿ” ಅನ್ನುತ್ತಿದ್ದರು. ಆಮೇಲೆ ಕೊಡುತ್ತಲೂ ಇದ್ದರು. ಆರು ವರ್ಷ ಹಾಗೇ ನಡೆಯಿತು. ಮೊದಲು ತಿದ್ದುವುದು, ಚೀಟಿ ಹಿಂದಿನಿಂದ.

ಕೆಲಸ ಹೋದ ವರ್ಷ ಪ್ರೊಫೆಸರು ಬರೆದದ್ದು ಅರ್ಥಶಾಸ್ತ್ರದ ಪತ್ರಿಕೆ. ಎಂಜಿನಿಯರಿಂಗ್ ಹುಡುಗರಿಗೂ ಅದೊಂದು ಪಾಠ ಇತ್ತು. ಎರಡು ಸಮೀಕರಣ ಕೊಟ್ಟು ಬೆಲೆ ಕಂಡುಹಿಡಿಯಿರಿ ಅಂತ ಕೇಳಿದ್ದರು. ಜನ ಕೊಳ್ಳುವುದು ಎಷ್ಟು ಅಂದರೆ, ನೂರರಲ್ಲಿ ಬೆಲೆಯ ಎರಡರಷ್ಟು ಕಳೆದಷ್ಟು. ಅಂಗಡಿಯವನು ಮಾರಲು ತರುವುದು ಎಷ್ಟು ಅಂದರೆ, ನೂರಾ ಇಪ್ಪತ್ತೈದಕ್ಕೆ ಬೆಲೆಯ ಮೂರರಷ್ಟು ಕೂಡಿದಷ್ಟು. ಎರಡೂ ಸಮ ಆಗಬೇಕು. ಇವರು ಕೊರೆಯುತ್ತಾ ಕೊರೆಯುತ್ತಾ ಬಿಡಿಸಿದರು. ಬೆಲೆ ಮೈನಸ್ ಐದು ಬಂತು.

“ಅಂದ್ರೆ ಏನ್ರೀ?” ಅಂತ ಆಮೇಲೆ ನಾನು ಕೇಳಿದ್ದೆ.

“ಅಂದ್ರೆ ಅಂಗಡಿಯವನು ಸಾಮಾನೂ ಕೊಟ್ಟು, ಮೇಲೆ ಐದು ರೂಪಾಯಿನೂ ಕೊಟ್ಟು ಕಳಿಸಬೇಕು.”

“ಆ ಅಂಗಡಿ ಎಲ್ಲಿದೆ ಹೇಳಿ, ಈಗಲೇ ಹೋಗ್ತೀನಿ.”

ನೂರಾ ಇಪ್ಪತ್ತೈದರ ಹಿಂದೆ ಮೈನಸ್ಸು ಬಿಟ್ಟುಹೋಗಿತ್ತು. ಅದನ್ನು ಹಾಕಿದರೆ ಬೆಲೆ ನಲವತ್ತೈದು, ಸಾಮಾನು ಹತ್ತು. ಎಲ್ಲಾ ಸರಿ. ಪ್ರೊಫೆಸರು ಆವತ್ತು ಪರ ಊರಿನಲ್ಲಿದ್ದರು. ಫೋನಿಗೆ ಸಿಗಲಿಲ್ಲ. ಸಂಜೆಗೆ ಅಚ್ಚಾಗಿ ಸೀಲ್ ಆಗಬೇಕು. ಇವರು ಮೈನಸ್ಸು ಕೊರೆದರು. ಒಂದು ಗೆರೆ. ಅಕ್ಕಿ ಕಾಳಿನಷ್ಟು ಉದ್ದ.

ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರು ಬರೆದ ಪ್ರತಿಗೂ ಅಚ್ಚಿನ ಪ್ರತಿಗೂ ತಾಳೆ ನೋಡುವ ಪದ್ಧತಿ ಇತ್ತು. ನೋಡಿದರು. ಬರೆದದ್ದರಲ್ಲಿ ಇಲ್ಲದ್ದು ಅಚ್ಚಿನಲ್ಲಿದೆ. ಚೀಟಿ ಎಲ್ಲಿ ಅಂದರು. ಇವರು ಪ್ರೊಫೆಸರ ಕಡೆ ನೋಡಿದರು.

ಆ ವಾರವೇ ಪ್ರೊಫೆಸರ ಹೆಸರು ವಿಭಾಗದ ಮುಖ್ಯಸ್ಥರ ಪಟ್ಟಿಯಲ್ಲಿತ್ತು. ಪ್ರಶ್ನೆ ತಪ್ಪು ಬರೆದವರಿಗೆ ಆ ಕುರ್ಚಿ ಸಿಗುತ್ತಿರಲಿಲ್ಲ. ನಾಲ್ಕು ಜನರ ವಿಚಾರಣಾ ಸಮಿತಿ ಕೂತಿತ್ತು. ಪ್ರೊಫೆಸರು ಹೇಳಿದ್ದು ಒಂದೇ ಮಾತು. “ನಾನು ಬರೆದದ್ದು ಕವರಿನಲ್ಲಿ ಇದ್ದ ಹಾಗೇ ಇದೆ. ಬದಲಾಯಿಸಲು ನಾನು ಹೇಳಿಲ್ಲ.”

ಸುಳ್ಳಲ್ಲ. ಆ ಸಲ ಹೇಳಿರಲಿಲ್ಲ. ಆರು ವರ್ಷ ಹೇಳಿದ್ದು ಮರೆತುಹೋಯಿತು.

ಇವರು ಅಧ್ಯಕ್ಷರಿಗೆ, “ಸಾರ್, ಒಂದ್ಸಲ ಬಿಡಿಸಿ ನೋಡಿ. ಬೆಲೆ ಮೈನಸ್ ಬರುತ್ತೆ” ಅಂದರಂತೆ.

ಅಧ್ಯಕ್ಷರು, “ನಿನ್ನ ಕೆಲಸ ಕೊರೆಯೋದು. ಬಿಡಿಸೋದಲ್ಲ” ಅಂದರಂತೆ.

ಪ್ರಶ್ನೆ ತಿದ್ದುವವನು ಪ್ರಶ್ನೆ ಮಾರಿಯೂ ಇರಬಹುದು ಅಂತ ಯಾರೋ ಅಂದರು. ಯಾರು ಅಂದರೋ ಗೊತ್ತಿಲ್ಲ. ಕೆಲಸ ಹೋಯಿತು. ಆ ಮಾತು ಮಾತ್ರ ಹೋಗಲಿಲ್ಲ. ಪ್ರೊಫೆಸರಿಗೆ ಕುರ್ಚಿ ಸಿಕ್ಕಿತು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇವರು ಪುಸ್ತಕ ಬೈಂಡ್ ಮಾಡುವ ಅಂಗಡಿಗೆ ಸೇರಿಕೊಂಡರು. ಬೆರಳಿಗೆ ಶಾಯಿಯ ಬದಲು ಅಂಟು. ನಾನು ಹೊಲಿಗೆ ಹೆಚ್ಚು ಮಾಡಿದೆ. ಗಿರಾಕಿಗಳು ಬಂದು, “ಅಳತೆ ಸರಿಯಾಗಿ ಬರ್ಕೋಮ್ಮ, ನಿಮ್ಮೋರ ಹಾಗೆ ಒಂದಕ್ಕೊಂದು ಮಾಡ್ಬೇಡ” ಅನ್ನುವರು. ಹಲ್ಲು ಕಚ್ಚಿಕೊಂಡು ಅಳತೆ ತೆಗೆಯುತ್ತಿದ್ದೆ. ನನ್ನ ಸ್ವಂತ ಅಣ್ಣ, ಪರೀಕ್ಷೆ ಹತ್ತಿರ ಬಂದರೆ ಮಕ್ಕಳನ್ನು ನಮ್ಮ ಮನೆಗೆ ಕಳಿಸುತ್ತಿರಲಿಲ್ಲ. “ತಪ್ಪು ತಿಳೀಬೇಡ, ಜನ ಏನಾದ್ರೂ ಅಂತಾರೆ” ಅಂದ. ಮಗಳಿಗೆ ಲೆಕ್ಕದಲ್ಲಿ ತಲೆ ಇತ್ತು. ಆ ಕಾಲೇಜಿಗೆ ಅರ್ಜಿ ಹಾಕಲಿಲ್ಲ. ನರ್ಸಿಂಗ್ ಓದಿ ಬೇರೆ ಊರಿಗೆ ಹೋದಳು.

ನಾನು ಸುಮ್ಮನಿರಲಿಲ್ಲ. ಅಣ್ಣನ ಜೊತೆ ಜಗಳ ಆಡಿದೆ. ಗೇಟಿನವನ ಜೊತೆ ಆಡಿದೆ. ನಲ್ಲಿಯ ಹತ್ತಿರ ಆಡಿದೆ. ಪ್ರೊಫೆಸರ ಹೆಂಡತಿ ಒಂದು ಸಲ ಔಷಧಿ ಅಂಗಡಿಯಲ್ಲಿ ಮಾತಾಡಿಸಿದಳು, ಎಲ್ಲರೆದುರು ಮುಖ ತಿರುಗಿಸಿ ಬಂದೆ. ಇವರು ಮಾತ್ರ “ಬಿಡೇ” ಅನ್ನುವರು. ಮನೆಯಲ್ಲಿ ಲೆಕ್ಕದ ಸುದ್ದಿಯೇ ನಿಂತಿತು. ನನ್ನ ಸೀಮೆಸುಣ್ಣ ಯಾರೂ ಮುಟ್ಟಲಿಲ್ಲ. ಮನಸ್ಸು ಮುರಿದಿದೆ ಪಾಪ ಅಂದುಕೊಂಡೆ. ಗುರುವಾರ ಬೈಂಡಿಂಗ್ ಅಂಗಡಿಗೆ ರಜೆ. ಅವತ್ತು ಬೆಳಗ್ಗೆ ಅಂಗಿ ಇಸ್ತ್ರಿ ಮಾಡಿಕೊಂಡು ಲೈಬ್ರರಿಗೆ ಅಂತ ಹೋಗುವರು, ಸಂಜೆ ಬರುವರು. ಹೋಗಲಿ, ಪೇಪರ್ ಓದಿಕೊಂಡು ಬರಲಿ ಅಂತ ನಾನೇ ಡಬ್ಬಿ ಕಟ್ಟಿ ಕೊಡುತ್ತಿದ್ದೆ.

ಎದೆ ನೋವು ಅಂದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು.

ಇಪ್ಪತ್ತನೇ ದಿನ ಬಾಗಿಲು ತಟ್ಟಿದ ಸದ್ದಿಗೆ ತೆಗೆದೆ. ಪ್ರೊಫೆಸರು. ಮುದುಕರಾಗಿದ್ದರು. ಕೋಲು ಹಿಡಿದಿದ್ದರು. ರಜೆ ಹಾಕಿ ಬಂದಿದ್ದ ಮಗಳು ನನ್ನ ಹಿಂದೆ ನಿಂತಿದ್ದಳು.

“ಒಳಗೆ ಬರಬಹುದಾ ತಂಗಿ?”

“ತಂಗಿ ಅನ್ಬೇಡಿ. ಅಲ್ಲೇ ನಿಂತು ಹೇಳಿ.”

“ಒಂದು ನೋಟ್‌ಬುಕ್ಕು. ದಪ್ಪ ರಟ್ಟಿನದು. ಆ ಗುರುವಾರ ಅವರು ಮನೆಗೆ ತಗೊಂಡು ಬಂದ್ರು. ಕೊನೆ ಅಧ್ಯಾಯ ಅದರಲ್ಲೇ ಇದೆ.”

“ಯಾವ ಗುರುವಾರ?”

ಅವರು ನನ್ನನ್ನು ಬಿಟ್ಟು ನನ್ನ ಮಗಳ ಮುಖ ನೋಡಿದರು. ಮಗಳು ತಲೆ ತಗ್ಗಿಸಿದಳು.

“ಎಲ್ಲಾ ಗುರುವಾರ,” ಅಂದರು ಪ್ರೊಫೆಸರು. “ಹದಿನಾಲ್ಕು ವರ್ಷ.”

ನನಗೆ ಸಿಟ್ಟು ಬರಲಿಲ್ಲ. ಮೊದಲು ಅರ್ಥವೇ ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಮಗಳ ಕಡೆ ತಿರುಗಿದೆ.

“ನಿನಗೆ ಗೊತ್ತಿತ್ತಾ?”

“ಒಂದ್ಸಲ ಆ ಬೀದೀಲಿ ಹೋಗ್ತಾ ನೋಡ್ದೆ ಅಮ್ಮ. ನನಗೆ ಹದಿನೇಳು ಆಗ. ವರಾಂಡದಲ್ಲಿ ಕೂತಿದ್ರು ಇಬ್ರೂ. ಅಪ್ಪ ನಗ್ತಿದ್ರು.” ಮತ್ತೆ ಅಂದಳು, “ಮನೇಲಿ ನಗ್ತಾನೇ ಇರಲಿಲ್ಲ ಅಲ್ವಾ. ನಿನಗೆ ಹೇಳಿದ್ರೆ ಅದೂ ನಿಂತೋಗುತ್ತೆ ಅನ್ಸ್ತು.”

ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

“ನಡೀರಿ,” ಅಂದೆ ಪ್ರೊಫೆಸರಿಗೆ. “ಅವರು ಎಲ್ಲಿ ಕೂರ್ತಿದ್ರು, ತೋರಿಸಿ.”

ಮನೆಯ ಸೀರೆಯಲ್ಲೇ ಹೋದೆ. ಹದಿನೇಳು ವರ್ಷ ತುಳಿಯದ ಬೀದಿ. ಸುತ್ತು ಹಾಕದೆ ಹೋದರೆ ಎಂಟು ನಿಮಿಷದ ದಾರಿ ಅಷ್ಟೇ.

ವರಾಂಡದ ಪಕ್ಕ ಒಂದು ಕೋಣೆ. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಕಪ್ಪು ಹಲಗೆ. ಹಲಗೆ ಮೇಲೆ ನಮ್ಮವರ ಅಕ್ಷರ. ಇಪ್ಪತ್ತು ದಿನದಿಂದ ಯಾರೂ ಅಳಿಸಿರಲಿಲ್ಲ. ಮೇಜಿನ ಮೇಲೆ ಒಂದು ಕನ್ನಡಕ. ನಾನು ಅದನ್ನು ಎತ್ತಿ ನೋಡಿದೆ. ಹೊಸದು, ಒಳ್ಳೆಯ ಫ್ರೇಮು. ನಮ್ಮ ಮನೆಯಲ್ಲಿ ಅವರು ಹಾಕುತ್ತಿದ್ದುದಕ್ಕೆ ಒಂದು ಕಿವಿಯ ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದರು. ಹೊಸದು ಮಾಡಿಸಿಕೊಳ್ಳಿ ಅಂದರೆ, “ಓದೋದೇನಿದೆ ಈಗ” ಅನ್ನುತ್ತಿದ್ದರು.

ಪ್ರೊಫೆಸರ ಹೆಂಡತಿ ಚಹಾ ತಂದಳು. ಔಷಧಿ ಅಂಗಡಿಯ ಸಂಗತಿ ಅವಳು ಎತ್ತಲಿಲ್ಲ.

“ಬನ್ನಿ ಅಕ್ಕ, ಕೂತ್ಕೊಳಿ. ಸಕ್ಕರೆ ಹಾಕ್ಲಾ? ಅವರು ಸಕ್ಕರೆ ಇಲ್ಲದೇ ಕುಡಿಯೋರು.”

“ಯಾರು?”

“ನಿಮ್ಮೋರು.”

“ನಮ್ಮ ಮನೇಲಿ ಎರಡು ಚಮಚ ಹಾಕ್ಕೊಳ್ತಿದ್ರು.”

ಅವಳು ಲೋಟ ಮೇಜಿನ ಮೇಲಿಟ್ಟು ಒಳಗೆ ಹೋದಳು. ಗಂಡ ಇನ್ನೊಂದು ಸಂಸಾರ ಇಟ್ಟುಕೊಂಡಿದ್ದ ಅಂತ ತಿಳಿದ ಹೆಂಗಸರನ್ನು ನಾನು ನೋಡಿದ್ದೇನೆ. ಅವರಿಗೆ ಬೈಯಲು ಒಬ್ಬಳು ಹೆಂಗಸಾದರೂ ಇರುತ್ತಾಳೆ. ನನಗೆ ಅದೂ ಇರಲಿಲ್ಲ. ಹಲಗೆ ಇತ್ತು.

ಪ್ರೊಫೆಸರು ಹೇಳಿದರು. ಕೆಲಸ ಹೋದ ಮೂರನೇ ವರ್ಷ ಇವರೇ ಅಲ್ಲಿಗೆ ಹೋದರಂತೆ. ಬೈಂಡಿಂಗಿಗೆ ಬಂದ ಯಾವುದೋ ಪುಸ್ತಕದಲ್ಲಿ ಶಾಖ ಹರಿಯುವ ಸಮೀಕರಣ ಇತ್ತಂತೆ. ಒಂದು ಸಾಲಿನಿಂದ ಮುಂದಿನ ಸಾಲು ಹೇಗೆ ಬಂತು ಅಂತ ತಿಳಿಯದೆ ಮೂರು ವಾರ ನಿದ್ದೆ ಇಲ್ಲವಂತೆ. ಬಾಗಿಲಲ್ಲಿ ನಿಂತು, “ಸಾರ್, ಇದೊಂದು ಹೇಳ್ಬಿಡಿ, ಹೋಗ್ತೀನಿ” ಅಂದರಂತೆ. ಅವತ್ತು ಸಂಜೆಯವರೆಗೆ ಕೂತರು. ಆಮೇಲೆ ಇಬ್ಬರೂ ಸೇರಿ ಒಂದು ಪುಸ್ತಕ ಬರೆಯಲು ತೊಡಗಿದರು. ಹುಡುಗರಿಗೆ ಒಂದು ಸಾಲೂ ನುಂಗದೆ, ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದನ್ನೂ ಬಿಡಿಸಿ ತೋರಿಸುವ ಪುಸ್ತಕ. ಹದಿನಾಲ್ಕು ನೋಟ್‌ಬುಕ್ಕು ಆಗಿತ್ತು.

“ಅವರು ನಿಮ್ಮನ್ನ ಏನೂ ಕೇಳಲಿಲ್ವಾ? ಯಾಕೆ ಹಾಗೆ ಮಾಡಿದ್ರಿ ಅಂತ?”

“ಇಲ್ಲ. ಒಂದು ಸಲಾನೂ ಕೇಳಲಿಲ್ಲ. ನಾನೇ ತಡೀಲಾರದೆ, ರಿಟೈರ್ ಆದ ವರ್ಷ ಒಂದು ಕಾಗದ ಬರೆದೆ. ತಪ್ಪು ನಂದು, ಮೈನಸ್ ನಾನು ಬಿಟ್ಟಿದ್ದೆ, ತಿದ್ದೋಕೆ ಅವರಿಗೆ ಮೊದಲಿಂದ ಅನುಮತಿ ಕೊಟ್ಟಿದ್ದೆ ಅಂತ. ಎಂಟು ವರ್ಷ ಆಯ್ತು.”

ಮೇಜಿನ ಡ್ರಾಯರ್ ಎಳೆದು ಕವರು ತೆಗೆದರು. ರುಜು, ತಾರೀಖು ಎಲ್ಲಾ ಇತ್ತು. ಅಂಚು ಹಳದಿಯಾಗಿತ್ತು.

“ಮತ್ತೆ ಯಾಕೆ ಇಲ್ಲಿದೆ ಇದು?”

“ಅವರೇ ಬೇಡ ಅಂದ್ರು.”

ನಾನು ಕುರ್ಚಿಯ ಮೇಲೆ ಕೂತೆ. ಅದು ಅವರ ಕುರ್ಚಿಯೇ ಇರಬೇಕು.

“ಏನಂದ್ರು? ಅವರು ಅಂದ ಹಾಗೇ ಹೇಳಿ. ಒಂದು ಸಾಲೂ ನುಂಗ್ಬೇಡಿ.”

ಪ್ರೊಫೆಸರು ನೆಲ ನೋಡುತ್ತಾ ಹೇಳಿದರು. “‘ಬೇಡ ಸಾರ್. ಅವಳು ನನ್ನ ಪರವಾಗಿ ಊರಿಗೆಲ್ಲ ಜಗಳ ಆಡಿದಾಳೆ. ನಾನು ಇಲ್ಲಿ ಚಹಾ ಕುಡೀತಾ ಕೂತಿದೀನಿ ಅಂತ ಗೊತ್ತಾದ್ರೆ ನನ್ನ ಮುಖ ನೋಡಲ್ಲ.’ ಹಾಗಂದ್ರು.”

“ಅಷ್ಟೇನಾ?”

“‘ಕಾಲೇಜಿನವರು ವಾಪಸ್ ಕರೆದ್ರೆ ಮತ್ತೆ ಕೊರೆಯೋಕೆ ಹೋಗ್ಬೇಕು. ಇಲ್ಲಿ ಬಿಡಿಸಬಹುದು.’ ಹಾಗೂ ಅಂದ್ರು.”

ಎಂಟು ವರ್ಷ. ಆ ಎಂಟು ವರ್ಷದಲ್ಲಿ ನಾನು ಎಷ್ಟು ಜನರ ಮುಂದೆ ತಲೆ ತಗ್ಗಿಸಿದ್ದೆ ಅಂತ ಅವರಿಗೆ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ನಾನೇ ಒಂದೊಂದಾಗಿ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು, ಕೈ ತೊಳೆದುಕೊಂಡು, “ಬಿಡೇ” ಅನ್ನುತ್ತಿದ್ದರು. ಕಾಗದ ಈ ಡ್ರಾಯರಿನಲ್ಲಿತ್ತು. ನಾಲ್ಕು ಬೀದಿ ಆಚೆ.

ಪ್ರೊಫೆಸರು ಕುರ್ಚಿಗಾಗಿ ನಮ್ಮನ್ನು ಬಿಟ್ಟುಕೊಟ್ಟರು. ಅದು ನನಗೆ ಅರ್ಥವಾಗುತ್ತದೆ. ಕುರ್ಚಿ ಕಣ್ಣಿಗೆ ಕಾಣುವ ವಸ್ತು. ನಮ್ಮವರು ನಮ್ಮನ್ನು ಯಾವುದಕ್ಕೆ ಬಿಟ್ಟುಕೊಟ್ಟರು? ಗುರುವಾರಕ್ಕೆ.

“ನೋಟ್‌ಬುಕ್ಕು ನನ್ನ ಹತ್ರ ಇದೆ,” ಅಂದೆ. ಇರುವುದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಹುಡುಕಿದರೆ ಅವರ ಬಟ್ಟೆಯ ಕೆಳಗೆ ಸಿಕ್ಕಿತು, ಅದು ಬೇರೆ ಮಾತು. “ಮೊದಲು ಈ ಕಾಗದ ಕಾಲೇಜಿಗೆ ಹೋಗ್ಬೇಕು. ನೀವೇ ಬರ್ಬೇಕು, ನನ್ನೆದುರು ಕೊಡ್ಬೇಕು. ಆಮೇಲೆ ನೋಟ್‌ಬುಕ್ಕು.”

“ನಾಳೇನೇ ಹೋಗೋಣ ತಂಗಿ.”

“ತಂಗಿ ಅನ್ಬೇಡಿ ಅಂದೆ.”

ಮಾರನೇ ದಿನ ಆಟೋದಲ್ಲಿ ಹೋದೆವು. ಪ್ರೊಫೆಸರು ಒಂದು ಅಂಚಿಗೆ, ನಾನು ಒಂದು ಅಂಚಿಗೆ, ನಡುವೆ ಮಗಳು. ಗೇಟಿನಲ್ಲಿ ಹೊಸಬ. ಆಫೀಸಿನಲ್ಲಿ ಸೂಪರಿಂಟೆಂಡೆಂಟು, “ಸತ್ತೋರ ಫೈಲ್ ಈಗ್ಯಾಕಮ್ಮ ತೆಗೀಬೇಕು?” ಅಂದ.

“ನಾನು ಬದುಕಿದೀನಲ್ಲ, ಅದಕ್ಕೆ,” ಅಂದೆ.

ಪ್ರಿನ್ಸಿಪಾಲರು ಹೆಂಗಸು. ನನ್ನ ಮಗಳಿಗಿಂತ ಹತ್ತು ಹದಿನೈದು ವರ್ಷ ದೊಡ್ಡವರು ಇರಬಹುದು. ಎದ್ದು ನಿಂತು ಪ್ರೊಫೆಸರಿಗೆ ಕೈ ಮುಗಿದರು. ಕಾಗದ ಎರಡು ಸಲ ಓದಿದರು. ಫೈಲು ತರಿಸಿದರು. ಆ ಪ್ರಶ್ನೆಯ ಮೂಲ ಹಾಳೆ ಅದರಲ್ಲೇ ಇತ್ತು. ಪೆನ್ನು ತೆಗೆದು ಒಂದು ಚೀಟಿಯ ಮೇಲೆ ನಾಲ್ಕು ಸಾಲು ಬಿಡಿಸಿದರು. ಅರ್ಧ ನಿಮಿಷ ಹಿಡಿಯಲಿಲ್ಲ. ಮೈನಸ್ ಐದು ನೋಡಿ ಅವರಿಗೆ ಒಂದು ಚಿಕ್ಕ ನಗು ಬಂತು. ನನ್ನ ಮುಖ ನೋಡಿ ನಗು ನುಂಗಿದರು.

“ಸಾರ್, ಇದನ್ನ ಆವತ್ತು ಸಮಿತಿಯೋರು ಯಾರೂ ಬಿಡಿಸಿ ನೋಡಲಿಲ್ವಾ?”

ಪ್ರೊಫೆಸರು ಕೋಲಿನ ಹಿಡಿ ಉಜ್ಜುತ್ತಾ ಕೂತಿದ್ದರು.

“ನೋಡಿದ್ರಮ್ಮ. ವಿಚಾರಣೆ ಶುರುವಾಗೋ ಮೊದಲೇ ನಾಲ್ಕು ಜನಾನೂ ಬಿಡಿಸಿದ್ರು. ಎಲ್ಲರಿಗೂ ಗೊತ್ತಿತ್ತು.”

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ಹಾಕಿದರು. ಸೂಪರಿಂಟೆಂಡೆಂಟು ಕಿಟಕಿ ಕಡೆ ನೋಡಿದ. ನನಗೆ ಆ ಹೊತ್ತಿಗೆ ಅಳು ಬರಬೇಕಿತ್ತು, ಬರಲಿಲ್ಲ. ಇವರು ನಿಂತುಕೊಂಡು ‘ಒಂದ್ಸಲ ಬಿಡಿಸಿ ನೋಡಿ ಸಾರ್’ ಅಂತ ಬೇಡಿಕೊಂಡಿದ್ದು, ಮೊದಲೇ ಬಿಡಿಸಿ ನೋಡಿದವರ ಮುಂದೆ. ಇದು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೂ ಪ್ರೊಫೆಸರ ವರಾಂಡದಲ್ಲಿ ಹೋಗಿ ಕೂತರೋ. ಕೇಳಲು ಅವರಿಲ್ಲ.

ಕಾಗದ ಕೊಟ್ಟ ಹದಿನಾರನೇ ದಿನಕ್ಕೆ ಆದೇಶ ಬಂತು. ಒಂದೂವರೆ ಪುಟ. ಆರೋಪ ನಿರಾಧಾರ, ಹಿಂದಿನ ಆದೇಶ ರದ್ದು, ಅವರ ಸೇವೆ ನಿಷ್ಕಳಂಕ ಅಂತ ಬರೆದಿತ್ತು. ನಿಷ್ಕಳಂಕ ಅನ್ನುವುದನ್ನು ಎರಡು ಸಲ ಕೂಡಿಸಿಕೊಂಡು ಓದಿದೆ. ಅದರ ಒಂದು ಪ್ರತಿಯನ್ನು ಕಾಲೇಜಿನ ನೋಟೀಸ್ ಬೋರ್ಡಿಗೆ ಹಚ್ಚಿದ್ದಾರೆ ಅಂತ ಮಗಳು ಹೋಗಿ ನೋಡಿಕೊಂಡು ಬಂದಳು.

ಅಣ್ಣನ ಮನೆಗೆ ಹೋಗಿ ಆದೇಶ ಕೈಗೆ ಕೊಟ್ಟೆ. ಓದಿದ. “ನನಗೆ ಮೊದಲಿಂದ್ಲೂ ಗೊತ್ತಿತ್ತು ಬಿಡು, ಭಾವ ಅಂಥೋರಲ್ಲ ಅಂತ,” ಅಂದ.

“ಗೊತ್ತಿತ್ತಾ? ಹಾಗಾದ್ರೆ ನೀನೂ ಬಿಡಿಸಿದ್ದೆ ಅನ್ನು,” ಅಂದು ಎದ್ದು ಬಂದೆ. ಅವನಿಗೆ ಅರ್ಥವಾಗಲಿಲ್ಲ.

ನೋಟ್‌ಬುಕ್ಕು ತೆಗೆದುಕೊಂಡು ಹೋಗಲು ಪ್ರೊಫೆಸರು ಬಂದರು. ಈ ಸಲ ಒಳಗೆ ಕರೆದೆ. ಕುರ್ಚಿ ಕೊಟ್ಟೆ. ಚಹಾ ಕೊಡಲಿಲ್ಲ. ನೋಟ್‌ಬುಕ್ಕು ಕೊಡುವ ಮೊದಲು ನಾನು ಅದನ್ನು ಪುಟ ಪುಟ ತಿರುಗಿಸಿ ನೋಡಿದ್ದೆ. ಒಂದು ಲೆಕ್ಕವೂ ತಿಳಿಯಲಿಲ್ಲ. ಬರಹ ಮಾತ್ರ ತಿಳಿಯಿತು. ಸಾಲು ಸಾಲು ಒಂದರ ಕೆಳಗೆ ಒಂದು ಬಾಗದೆ ನಿಂತಿತ್ತು. ಎಲ್ಲೂ ಹೊಡೆದು ಹಾಕಿರಲಿಲ್ಲ. ಅವಸರವೂ ಇರಲಿಲ್ಲ. ಪುಟದ ಅಂಚಿನಲ್ಲಿ ಅಲ್ಲಲ್ಲಿ ‘ಇಲ್ಲಿ ಹುಡುಗರು ಎಡವುತ್ತಾರೆ, ನಿಧಾನ’ ಅಂತ ಬರೆದಿದ್ದರು. ನೆಮ್ಮದಿಯಾಗಿದ್ದ ಮನುಷ್ಯನ ಅಕ್ಷರ ಅದು. ಆ ನೆಮ್ಮದಿಯ ಮನುಷ್ಯ ನಮ್ಮ ಮನೆಯಲ್ಲಿ ಇರಲಿಲ್ಲ.

“ಪುಸ್ತಕದ ಮೇಲೆ ಅವರ ಹೆಸರು ಮೊದಲು ಹಾಕ್ತೀನಿ,” ಅಂದರು ಪ್ರೊಫೆಸರು. “ನನ್ನದು ಕೆಳಗೆ.”

“ಅದು ನಿಮ್ಮಿಬ್ಬರಿಗೆ ಬಿಟ್ಟಿದ್ದು. ನನ್ನ ಕೇಳ್ಬೇಡಿ.”

“ಅವರ ಮೇಲೆ ಸಿಟ್ಟು ಇಟ್ಕೋಬೇಡಿ ಅಮ್ಮ. ಸಿಟ್ಟು ನನ್ನ ಮೇಲಿರಲಿ.”

“ನಿಮ್ಮ ಮೇಲಿದ್ದದ್ದು ಹದಿನೇಳು ವರ್ಷ ಇಟ್ಕೊಂಡು ಸವೆದೋಯ್ತು. ಇದು ಹೊಸದು.”

ಅವರು ನೋಟ್‌ಬುಕ್ಕು ಎದೆಗೆ ಒತ್ತಿಕೊಂಡು ಮೆಟ್ಟಿಲು ಇಳಿದರು. ಇಳಿಯುವಾಗ ಮಗಳು ಕೈ ಹಿಡಿದಳು. ನಾನು ತಡೆಯಲಿಲ್ಲ.

ಆದೇಶಕ್ಕೆ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದ್ದೇನೆ. ಅಳತೆ ಕೊಡಲು ಬಂದವರು ನಿಂತು ಓದುತ್ತಾರೆ. ಓದಲಿ. ಯಾರಾದರೂ ಕೇಳಿದರೆ ಮೊದಲಿನಿಂದ ಎಲ್ಲವನ್ನೂ ಹೇಳುತ್ತೇನೆ, ಗುರುವಾರ ಒಂದು ಬಿಟ್ಟು. ಮಗಳು ಊರಿಗೆ ಹೊರಡುವ ದಿನ ಬೆಳಗ್ಗೆ, “ಅಪ್ಪನಿಗೆ ಹೇಳಿದ್ಯಾ ಅಮ್ಮ, ಆದೇಶ ಬಂತು ಅಂತ?” ಅಂದಳು. ಅವರ ಫೋಟೋ ಪಕ್ಕದ ಗೋಡೆಯಲ್ಲೇ ಇದೆ. ಅವರು ಹೋದ ಮೊದಲ ಇಪ್ಪತ್ತು ದಿನ ನಾನು ಅದರ ಮುಂದೆ ನಿಂತು ದಿನವೂ ಮಾತಾಡಿದ್ದೆ.

“ನೀನೇ ಹೇಳು,” ಅಂದೆ. “ನಾನು ಅವರ ಜೊತೆ ಮಾತು ಬಿಟ್ಟಿದೀನಿ.”